ತಟ್ಟೆ ಇದೆ, ತೊಳೆಯುವವರು ಯಾರು?

ಯುಗಾದಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ನಾವು ಒಂದಷ್ಟು ಕನ್ನಡದ ಮನೆಗಳವರು ಒಂದು ಹಾಲ್ ಹಿಡಿದು ಊಟ ಮಾಡುತ್ತೇವೆ. ಹೋದ ವರ್ಷ, 'ಬಿಸಾಡೋ ತಟ್ಟೆ ಬೇಡ, ಸ್ಟೀಲ್ ತಟ್ಟೆ ತರೋಣ' ಅಂದೆ. ಎಲ್ಲರೂ ತಲೆಯಾಡಿಸಿದರು. ಒಬ್ಬಟ್ಟು ಮುಗಿದ ಮೇಲೆ ಸಿಂಕಿನ ಮುಂದೆ ಉಳಿದವರು ಮೂವರು. ಬಾಯಿಬಿಟ್ಟ ತಪ್ಪಿಗೆ ಅದರಲ್ಲಿ ನಾನೂ ಒಬ್ಬ.

ಇಲ್ಲಿ, ನಮ್ಮ ರಾಜ್ಯವಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಬಿಸಾಡೋ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ ಮಾರುವ ಹಾಗಿಲ್ಲ. ಇಂಡಿಯಾದಲ್ಲೂ 2022ರ ಜುಲೈ 1ಕ್ಕೆ ಅದೇ ನಿಯಮ ಬಂತು. ಕರ್ನಾಟಕ 2016ರಲ್ಲೇ ಮಾಡಿತ್ತು. ಆದರೆ ಪ್ಲಾಸ್ಟಿಕ್ ಹೋದ ಜಾಗಕ್ಕೆ ಪೇಪರ್ ತಟ್ಟೆ ಬಂತು, ಮರದ ಚಮಚ ಬಂತು. ಕಸದ ಚೀಲ ಮೊದಲಿನಷ್ಟೇ ಉಬ್ಬುತ್ತದೆ.

ಇಲ್ಲಿಂದ ಗಂಟೆಯ ದಾರಿಯಲ್ಲಿ ಬರ್ಲಿ ಹೆಡ್ಸ್ ಅಂತ ಕಡಲ ದಡದ ಊರಿದೆ. 'ಬೂಮರಾಂಗ್ ಬ್ಯಾಗ್ಸ್' ಅನ್ನೋ ಬಟ್ಟೆ ಚೀಲದ ಗುಂಪು 2013ರಲ್ಲಿ ಶುರುವಾಗಿದ್ದು ಅಲ್ಲೇ. ಹಳೇ ಬೆಡ್‌ಶೀಟು, ಕರ್ಟನ್ ಬಟ್ಟೆ ತಂದು ಊರವರೇ ಕೂತು ಚೀಲ ಹೊಲಿಯುತ್ತಾರೆ. ಅದನ್ನು ಅಂಗಡಿಗಳಲ್ಲಿ ಇಡುತ್ತಾರೆ. ಚೀಲ ಮರೆತು ಬಂದವರು ಒಯ್ದು, ಆಮೇಲೆ ತಂದಿಡಬೇಕು. ಅಂಥದ್ದೇ ಒಂದು ಗುಂಪಿಗೆ ನಾನೂ ಕೆಲವು ಶನಿವಾರ ಹೋದೆ. ಹೊಲಿಗೆ ಬಾರದ್ದಕ್ಕೆ ಬಟ್ಟೆ ಕತ್ತರಿಸಿದೆ, ಇಸ್ತ್ರಿ ಹಾಕಿದೆ. ಹೊಲಿದವರೇ ಕೊನೆಗೆ ಪೊರಕೆ ಹಿಡಿದು ದಾರದ ಚೂರು ಗುಡಿಸುತ್ತಾರೆ, ಕಾಫಿ ಕುಡಿದ ಮಗ್ಗು ತೊಳೆದಿಡುತ್ತಾರೆ. ಅದಕ್ಕೆ ಬೇರೆ ಜನ ಅಂತ ಇಲ್ಲ. (ಚೀಲ ಮಾತ್ರ ಹೆಸರಿನ ಹಾಗೆ ತಿರುಗಿ ಬರೋದು ಕಡಿಮೆ. ನಮ್ಮ ಬೀರುವಿನಲ್ಲೇ ನಾಲ್ಕಿವೆ.)

ಹಂಚಿಕೊಂಡು ಬಳಸುವುದು ನಮಗೇನು ಹೊಸದಲ್ಲ. ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನೋ ಸೇವಾ ಸಂಸ್ಥೆಯವರು 'ಪ್ಲೇಟ್ ಬ್ಯಾಂಕ್' ಇಟ್ಟಿದ್ದಾರೆ. ಮದುವೆ, ಮುಂಜಿಗೆ ಸ್ಟೀಲ್ ತಟ್ಟೆ, ಲೋಟ ಒಯ್ದು ವಾಪಸ್ ಕೊಡಬಹುದು. ಚೀಲಕ್ಕಿಂತ ಇದೇ ದೊಡ್ಡ ಕೆಲಸ ಅನ್ನುತ್ತೇನೆ. ಒಂದೇ ಊಟದಲ್ಲಿ ಎಷ್ಟು ಕಸ ತಪ್ಪುತ್ತದೆ, ಲೆಕ್ಕ ಹಾಕಿ. ಆದರೆ ಊರಲ್ಲಿ ನಮ್ಮ ಬಂಧುಗಳ ಗೃಹಪ್ರವೇಶದಲ್ಲಿ ಕಂಡದ್ದು ಬೇರೆ. ಸ್ಟೀಲ್ ತಟ್ಟೆ ಇಟ್ಟಿದ್ದೇವೆ ಅಂತ ಎಲ್ಲರೂ ಹೊಗಳಿಸಿಕೊಂಡರು, ಫೋಟೋ ಹಾಕಿದರು. ಹಿತ್ತಿಲ ನಲ್ಲಿ ಹತ್ತಿರ ಇಬ್ಬರು ಹೆಂಗಸರು ಸಂಜೆ ಐದರವರೆಗೂ ಕುಕ್ಕರಗಾಲಲ್ಲಿ ಕೂತು ತಿಕ್ಕುತ್ತಿದ್ದರು. ಕೂಲಿ ಪೇಪರ್ ತಟ್ಟೆ ದಿನಗಳದ್ದೇ. ಪರಿಸರ ಪ್ರೇಮ ನಮ್ಮದು, ಸೊಂಟನೋವು ಅವರದು. ಇದು ಪರಿಸರ ಸೇವೆ ಹೇಗಾದೀತು?

ಹಾಗಂತ ಎಂಜಲು ಎತ್ತುವುದು ನಮಗೆ ಗೊತ್ತಿಲ್ಲದ್ದೂ ಅಲ್ಲ. ಅಜ್ಜಿ ಮನೆಯಲ್ಲಿ ಉಂಡ ಎಲೆ ಉಂಡವರೇ ಎತ್ತಬೇಕಿತ್ತು. ಛತ್ರದಲ್ಲಿ ಉಂಡು ಉಂಡು ನಮಗೆ ಆ ರೂಢಿ ತಪ್ಪಿತು ಅಷ್ಟೇ.

ಅದಕ್ಕೇ ಈ ಯುಗಾದಿಗೆ ಹಳೇ ನಿಯಮವನ್ನೇ ಹೇಳಿದೆ: ಮನೆಯಿಂದ ನಿಮ್ಮ ನಿಮ್ಮ ತಟ್ಟೆ, ಲೋಟ ತನ್ನಿ, ಹಾಗೇ ಒಯ್ಯಿರಿ. 'ಎಂಜಲು ತಟ್ಟೆ ಕಾರಲ್ಲಿ ಇಟ್ಕೊಳ್ಳೋದಾ?' ಅಂತ ಹಿರಿಯರೊಬ್ಬರು ಮುಖ ಸಿಂಡರಿಸಿದರು. ಬೀರುವಿನಿಂದ ತಂದಿದ್ದ ಒಂದು ಬೂಮರಾಂಗ್ ಚೀಲ ಅವರ ಕೈಗೆ ಕೊಟ್ಟೆ. ಅದರಲ್ಲೇ ಹಾಕಿಕೊಂಡು ಹೋದರು. ಚೀಲ ಇನ್ನೂ ವಾಪಸ್ ಬಂದಿಲ್ಲ.