ಮೂರು ಪದರ, ಒಂದೇ ಗುಟುಕು

ಬಾಟಲಿ ತಂದು ಮೇಜಿನ ಮೇಲಿಟ್ಟು "ಹಾಕ್ಕೊಳ್ಳಿ" ಅಂದರೆ ಆತಿಥ್ಯ ಮುಗಿದುಹೋಗುತ್ತಿದ್ದ ಕಾಲ ಒಂದಿತ್ತು. ಈಗ ಪಾರ್ಟಿ ಕೊಡುವವನಿಗೆ ಭೌತವಿಜ್ಞಾನ ಬರಬೇಕು, ಕೈ ನಡುಗಬಾರದು, ಉಸಿರು ಬಿಗಿಹಿಡಿದು ನಿಲ್ಲುವ ಅಭ್ಯಾಸ ಇರಬೇಕು. ಎರಡು ಬೆರಳಗಲದ ಗ್ಲಾಸಿನಲ್ಲಿ ತಳಕ್ಕೆ ಕಪ್ಪು, ನಡುವೆ ಕೆನೆಬಣ್ಣ, ಮೇಲೆ ಹೊಂಬಣ್ಣ, ಒಂದರ ಗಡಿಯೊಳಗೆ ಇನ್ನೊಂದು ಕಾಲಿಡದ ಹಾಗೆ ನಿಲ್ಲಿಸಿ ತೋರಿಸಬೇಕು. ಲೇಯರ್ಡ್ ಶಾಟ್ ಅಂದರೆ ಇದೇ. ನಿಂತರೆ ಚಪ್ಪಾಳೆ. ಕಲೆತುಹೋದರೆ, ಅದೇ ಮದ್ಯ, ಅದೇ ಅಳತೆ, ಅದೇ ನಶೆ, ಆದರೂ ಅದು ಸಿಂಕಿನ ಪಾಲು.

ಇದರ ಹಿಂದಿನ ವಿಜ್ಞಾನ ದೊಡ್ಡದೇನಲ್ಲ. ಸಕ್ಕರೆ ಜಾಸ್ತಿ ಇರುವುದು ಭಾರ, ಕೆಳಗೆ ಕೂರುತ್ತದೆ. ಆಲ್ಕೋಹಾಲ್ ಜಾಸ್ತಿ ಇರುವುದು ಹಗುರ, ಮೇಲೆ ತೇಲುತ್ತದೆ. ನೀರನ್ನು 1 ಎಂದಿಟ್ಟುಕೊಂಡರೆ ಗ್ರೆನಡಿನ್ ಸಿರಪ್ಪಿನ ಸಾಂದ್ರತೆ ಸುಮಾರು 1.18, ಕಾಫಿ ಲಿಕರ್‌ನದು (ಲಿಕರ್ ಅಂದರೆ ಸಿಹಿ ಮದ್ಯ) 1.15ರ ಆಸುಪಾಸು, ವಿಸ್ಕಿಗೆ ಕೆನೆ ಬೆರೆಸಿದ ಐರಿಷ್ ಕ್ರೀಮ್ 1.05, ವೋಡ್ಕಾ 0.95. ಅಂದರೆ ತೂಕವೆಲ್ಲ ತಳದವರದು, ಅಮಲೆಲ್ಲ ಮೇಲಿನವರದು. (ಇಂಥ ವ್ಯವಸ್ಥೆಗೆ ನಾವು ಬೇರೆ ಕಡೆಯೂ ಒಗ್ಗಿಕೊಂಡಿದ್ದೇವೆ, ಆ ಮಾತು ಇಲ್ಲಿ ಬೇಡ.)

ಈ ಪಂಥದ ಕುಲದೇವತೆ ಬಿ-52 ಎಂಬ ಶಾಟ್. ಅಮೆರಿಕದ ಬಾಂಬರ್ ವಿಮಾನಕ್ಕೂ ಅದೇ ಹೆಸರು. ಕೆಳಗೆ ಕಾಫಿ ಲಿಕರ್, ನಡುವೆ ಐರಿಷ್ ಕ್ರೀಮ್, ಮೇಲೆ ಗ್ರಾನ್ ಮಾರ್ನಿಯೆ ಎಂಬ ಕಿತ್ತಳೆ ಲಿಕರ್. ಮೊದಲ ಪದರವನ್ನು ಸುಮ್ಮನೆ ಸುರಿದರೆ ಆಯಿತು, ಅಲ್ಲಿಯವರೆಗೆ ಎಲ್ಲರೂ ಪಂಡಿತರೇ. ಎರಡನೆಯದಕ್ಕೆ ಚಮಚ ಬೋರಲು ಹಾಕಿ, ಅದರ ತುದಿಯನ್ನು ಗ್ಲಾಸಿನ ಗೋಡೆಗೆ ತಾಗಿಸಿ, ಬೆನ್ನಿನ ಮೇಲೆ ತೊಟ್ಟು ತೊಟ್ಟಾಗಿ ಇಳಿಸಬೇಕು. ಮೂರನೆಯದು ನಿಜವಾದ ಅಗ್ನಿಪರೀಕ್ಷೆ, ಯಾಕೆಂದರೆ ಕ್ರೀಮಿಗೂ ಅದರ ಮೇಲೆ ಕೂರಬೇಕಾದ ಕಿತ್ತಳೆ ಲಿಕರ್‌ಗೂ ಸಾಂದ್ರತೆಯಲ್ಲಿ ಇರುವುದು ಕೂದಲೆಳೆಯ ಅಂತರ. ಕಿತ್ತಳೆ ಅಂದರೆ ಕಿತ್ತಳೆಯೇ ತಾನೇ ಅಂತ ಟ್ರಿಪಲ್ ಸೆಕ್ ಎಂಬ ಯಾವುದೋ ಅಗ್ಗದ ಕಿತ್ತಳೆ ಲಿಕರ್ ತಂದವನ ಕತೆ ಅಲ್ಲಿಗೆ ಮುಗಿಯಿತು. ಅದರಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಕ್ರೀಮಿಗಿಂತ ಭಾರ. ಚಮಚದಿಂದ ಎಷ್ಟೇ ನಯವಾಗಿ ಇಳಿಸಿದರೂ ಕ್ರೀಮಿನೊಳಗೆ ತೂತು ಕೊರೆದುಕೊಂಡು ಪಾತಾಳ ಸೇರುತ್ತದೆ.

ಈ ಹೊತ್ತಿನಲ್ಲಿ ಮನೆಯಲ್ಲಿ ಕರ್ಫ್ಯೂ. ಮೇಜಿಗೆ ಯಾರೂ ಒರಗುವಂತಿಲ್ಲ. ಹಾಡಿನ ಬೇಸ್ ಕಡಿಮೆ ಮಾಡಬೇಕು, ಗ್ಲಾಸು ಅದುರುತ್ತದಂತೆ. ಒಬ್ಬ ಟಾರ್ಚ್ ಹಿಡಿದಿದ್ದಾನೆ, ಒಬ್ಬಳು ಹಿನ್ನೆಲೆಗೆ ಬಿಳಿ ಹಾಳೆ ಹಿಡಿದಿದ್ದಾಳೆ. ಶಾಟೊಂದಕ್ಕೆ ಮೂರು ನಿಮಿಷ ಅಂದರೂ ಇಪ್ಪತ್ತು ಜನಕ್ಕೆ ಒಂದು ಗಂಟೆ. ಕೊನೆಯ ಗ್ಲಾಸು ತಯಾರಾಗುವಷ್ಟರಲ್ಲಿ ಮೊದಲ ಗ್ಲಾಸಿನ ಗಡಿಗಳು ಮಸುಕಾಗಲು ಶುರುವಾಗಿರುತ್ತವೆ. ಅದನ್ನು ಕುಡಿದುಬಿಡೋಣ ಅಂದವನನ್ನು ಎಲ್ಲರೂ ತಿರುಗಿ ನೋಡುತ್ತಾರೆ: ಫೋಟೋ ಆಗಿಲ್ಲ! ಹೀಗೆ, ಕುಡಿಯಲೆಂದೇ ಬಂದ ಇಪ್ಪತ್ತು ಮಂದಿ ಗಂಟಲು ಒಣಗಿಸಿಕೊಂಡು, ತುಂಬಿದ ಗ್ಲಾಸುಗಳ ಮುಂದೆ ಕೈಕಟ್ಟಿ ನಿಂತಿರುತ್ತಾರೆ. ಪಾನನಿಷೇಧದ ಕಾನೂನಿನಿಂದ ಆಗದ ಕೆಲಸವನ್ನು ಒಂದು ಚಮಚ ಸಾಧಿಸಿದೆ.

ಇಷ್ಟೆಲ್ಲ ಆದಮೇಲೆ ಮಾಡುವುದೇನು? ಶಾಟ್ ಅಲ್ಲವೇ, ತಲೆ ಹಿಂದಕ್ಕೆ ಎಸೆದು ಒಂದೇ ಗುಟುಕಿಗೆ ಗುಳುಂ. ಮೂರು ನಿಮಿಷ ಬೇರೆ ಬೇರೆ ಇಟ್ಟು ಕಾಪಾಡಿದ್ದೆಲ್ಲ ನಾಲಿಗೆಯ ಮೇಲೆ ಒಂದೇ ಸೆಕೆಂಡಿನಲ್ಲಿ ಸಂಗಮ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವವನಿಗಾದರೂ ಕೈ ತೊಳೆದಂತಾಗುತ್ತದೆ.

ಈ ಪದರದ ಕಲ್ಪನೆಯನ್ನು ಮೊದಲು ಮಾಡಿದವರು ಪೆದ್ದರಾಗಿರಲಿಲ್ಲ ಅನ್ನುವುದೇ ಇಲ್ಲಿನ ತಮಾಷೆ. 19ನೇ ಶತಮಾನದಲ್ಲಿ ಪೂಸ್ ಕಫೆ ಎಂಬ ಪಾನೀಯ ಚಾಲ್ತಿಯಲ್ಲಿತ್ತು. ಊಟ, ಕಾಫಿ ಎಲ್ಲ ಮುಗಿದಮೇಲೆ ಸಣ್ಣ, ಉದ್ದನೆಯ ಗ್ಲಾಸಿನಲ್ಲಿ ಬಣ್ಣಬಣ್ಣದ ಲಿಕರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿ ಕೊಡುತ್ತಿದ್ದರು. ಅದನ್ನು ಹೀರುವ ರೀತಿಯೇ ಬೇರೆ: ಆರಾಮಾಗಿ ಕೂತು, ಮೊದಲು ಮೇಲಿನದರ ರುಚಿ, ಆಮೇಲೆ ಅದರ ಕೆಳಗಿನದರದು, ಹೀಗೆ ಪದರ ಪದರವಾಗಿ ತಳದವರೆಗೆ. ಅಲ್ಲಿ ಪದರಕ್ಕೊಂದು ಕೆಲಸವಿತ್ತು. ನಾವು ಪದರವನ್ನು ಇಟ್ಟುಕೊಂಡು ಪುರುಸೊತ್ತನ್ನು ಬಿಸಾಕಿದೆವು. ರುಚಿ ಗೊತ್ತಾಗುವ ಮುಂಚೆ ಗಂಟಲು ದಾಟಲೆಂದೇ ಇರುವ ಶಾಟಿಗೆ, ನಿಧಾನವಾಗಿ ಸವಿಯಲೆಂದೇ ಹುಟ್ಟಿದ ಅಲಂಕಾರ!

ಬೆಂಕಿ ಹಚ್ಚುವವರ ಪಂಗಡ ಬೇರೆಯೇ ಇದೆ. ಮೇಲೊಂದಿಷ್ಟು ಖಡಕ್ ರಮ್ ತೇಲಿಸಿ ಕಡ್ಡಿ ಗೀರುತ್ತಾರೆ. ಕಾಸು ಕೊಟ್ಟು ತಂದ ಆಲ್ಕೋಹಾಲು ನೀಲಿ ಜ್ವಾಲೆಯಾಗಿ ಗಾಳಿಗೆ ಹೋಗುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ಪ್ಲಾಸ್ಟಿಕ್ ಸ್ಟ್ರಾ ಹಾಕಿ ತಳದಿಂದ ಹೀರುವ ಶೂರರಿಗೆ ಸ್ಪರ್ಧೆ ಸ್ಟ್ರಾದ ಜೊತೆಗೆ: ಅದು ಕರಗುವ ಮುಂಚೆ ಇವರು ಮುಗಿಸಬೇಕು. ಉರಿಯುತ್ತಿರುವ ಗ್ಲಾಸಿಗೆ ಬಾಟಲಿಯಿಂದ ಇನ್ನಷ್ಟು ಸುರಿಯಲು ಹೋಗುವ ಮಹಾನುಭಾವರಂತೂ ಬಾಟಲಿಯನ್ನೇ ಪಂಜು ಮಾಡಿಕೊಂಡು ಅಕ್ಕಪಕ್ಕದವರ ಹುಬ್ಬಿಗೂ ಆರತಿ ಎತ್ತುತ್ತಾರೆ.

ಕೆಟ್ಟುಹೋದದ್ದಕ್ಕೂ ಈ ಲೋಕದಲ್ಲಿ ಗತಿ ಇದೆ, ಹೆಸರೊಂದು ಇಟ್ಟರೆ ಸಾಕು. ಐರಿಷ್ ಕ್ರೀಮಿಗೆ ನಿಂಬೆರಸ ಬಿದ್ದರೆ ಒಡೆಯುತ್ತದೆ; ಅಡುಗೆಮನೆಯಲ್ಲಾದರೆ ಬೈಗುಳ, ಬಾರಿನಲ್ಲಾದರೆ ಅದಕ್ಕೆ ಸಿಮೆಂಟ್ ಮಿಕ್ಸರ್ ಎಂದು ಹೆಸರು, ಬಾಯಲ್ಲೇ ಗಟ್ಟಿಯಾಗುವುದು ಅದರ ವಿಶೇಷ. ಪೀಚ್ ಶ್ನಾಪ್ಸ್ ಎಂಬ ಹಣ್ಣಿನ ರುಚಿಯ ಮದ್ಯದಲ್ಲಿ ಕ್ರೀಮು ಗಂಟು ಗಂಟಾಗಿ ತೇಲುವಾಗ ಮೇಲಿಂದ ಕೆಂಪು ಗ್ರೆನಡಿನ್ ತೊಟ್ಟಿಕ್ಕಿಸಿದರೆ ಬ್ರೇನ್ ಹೆಮರೇಜ್. ಗೆಳೆಯನ ಹುಟ್ಟುಹಬ್ಬಕ್ಕೆ ಮಿದುಳಿನ ರಕ್ತಸ್ರಾವ ಆರ್ಡರ್ ಮಾಡಿ ಚಿಯರ್ಸ್ ಹೇಳುವವರ ಧೈರ್ಯ ದೊಡ್ಡದು.

ಇಂಥದೊಂದು ಪಾರ್ಟಿಯಲ್ಲಿ ವಯಸ್ಸಾದವರೊಬ್ಬರು, ಬಹಳ ಹೊತ್ತು ಕಾದ ಮೇಲೆ, ಚಮಚ ಹಿಡಿದು ಬೆವರುತ್ತಿದ್ದ ಹುಡುಗನನ್ನು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ಮೂರನ್ನೂ ಒಂದು ಜಗ್ಗಿಗೆ ಹಾಕಿ, ಐಸ್ ಸೇರಿಸಿ ಕುಲುಕಿ ಕೊಟ್ಟರೆ ಆಗಲ್ವಾ? ಇದೇ ರುಚಿ ತಾನೇ?"

ಹುಡುಗ ತಲೆ ಎತ್ತಲಿಲ್ಲ. "ಆಗುತ್ತೆ ಅಂಕಲ್," ಅಂದ, "ಆದರೆ ಆಗ ಅದು ಕುಡಿಯೋಕೆ ಮಾತ್ರ ಆಗುತ್ತೆ."