ರಾಷ್ಟ್ರಪತಿ ಭವನ ‘ತೋರಿಸಿದ್ದೇವೆ’ ಅನ್ನುವ ಟೂರ್‌ನವರ ಮೋಸ

ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಲ್ಲೆಲ್ಲ ದೆಹಲಿ–ಆಗ್ರಾ–ಹರಿದ್ವಾರ ಟೂರಿನ ಕರಪತ್ರ ಹಂಚುತ್ತಾರೆ. ಅದರಲ್ಲಿ ದಪ್ಪಕ್ಷರದಲ್ಲಿ ‘ರಾಷ್ಟ್ರಪತಿ ಭವನ’ ಅಂತ ಇದ್ದೇ ಇರುತ್ತೆ. ಅಲ್ಲಿ ಹೋದ ಮೇಲೆ ಮಾಡುವುದೇನು? ವಿಜಯ್ ಚೌಕ್ ಹತ್ತಿರ ಬಸ್ಸು ನಿಲ್ಲಿಸಿ, ‘ಅಗೋ ಅದೇ ಭವನ, ಹತ್ತು ನಿಮಿಷ ಟೈಮು, ಫೋಟೋ ತೆಗೆದುಕೊಂಡು ಹತ್ತಿ’ ಅಂತಾರೆ. ಇದಕ್ಕೆ ಮೋಸ ಅಂತಲ್ಲದೆ ಇನ್ನೇನು ಹೇಳಬೇಕು?

ಅದೂ ನಿಲ್ಲಿಸುವುದು ಎಂಥ ಜಾಗದಲ್ಲಿ! ರೈಸಿನಾ ಗುಡ್ಡದ ಏರು ಭವನವನ್ನು ಮರೆಮಾಡುವುದೇ ಆ ಚೌಕದ ಕಡೆಯಿಂದ. ಗುಮ್ಮಟ ಕಾಣುತ್ತೆ, ಕಟ್ಟಡ ಕಾಣಲ್ಲ. ಭವನದ ವಾಸ್ತುಶಿಲ್ಪಿ ಲಟ್ಯನ್ಸ್‌ಗೂ ಇಕ್ಕೆಲದ ಸೆಕ್ರೆಟೇರಿಯಟ್ ಕಟ್ಟಡಗಳ ಬೇಕರ್‌ಗೂ ಸ್ನೇಹ ಮುರಿದದ್ದೇ ಈ ಏರಿನ ವಿಚಾರಕ್ಕೆ. ಕಟ್ಟಿದವನೇ ಇಲ್ಲಿಂದ ಕಾಣಲ್ಲ ಅಂತ ಸಿಟ್ಟಾಗಿದ್ದ ಜಾಗಕ್ಕೆ ಮೈಸೂರು ತನಕ ಬಸ್ಸು, ಅಲ್ಲಿಂದ ಎರಡು ದಿನದ ರೈಲು ಅಂತ ಹೋದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ.

ಒಳಗೆ ಹೋಗುವುದು ದೊಡ್ಡ ಕಷ್ಟವೂ ಅಲ್ಲ. ತಲೆಗೆ 50 ರೂಪಾಯಿ. ರಾಷ್ಟ್ರಪತಿ ಭವನದ್ದೇ ವೆಬ್‌ಸೈಟಿನಲ್ಲಿ ದಿನ, ಒಂದು ಗಂಟೆಯ ಸ್ಲಾಟು ಆರಿಸಿ, ಬರುವ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿಯ ವಿವರ ತುಂಬಬೇಕು. ಆಮೇಲೆ ಅದೇ ಚೀಟಿಯ ಮೂಲ ಪ್ರತಿ ಜೇಬಲ್ಲಿರಬೇಕು, ಬುಕಿಂಗ್ ಸ್ಲಿಪ್‌ನಲ್ಲಿ ಬರೆದ ಗೇಟಿಗೇ ಹೋಗಬೇಕು. ಟೂರ್‌ನವರು ಮಾಡದಿರುವುದು ಇಷ್ಟನ್ನೇ. ನಲವತ್ತು ಜನರ ಹೆಸರು ಟೈಪ್ ಮಾಡಲು ಬೇಜಾರು, ಸ್ಲಾಟಿಗೆ ಸರಿಯಾಗಿ ಬಸ್ಸು ತಲುಪಿಸುವ ಹೊಣೆ ಬೇಡ, ತಪಾಸಣೆ ಸೇರಿ ಅರ್ಧ ದಿನ ಹೋದರೆ ಶಾಪಿಂಗ್‌ಗೆ ಹೊತ್ತು ಉಳಿಯಲ್ಲ. ಕೆಲವರಂತೂ ದೆಹಲಿಯ ದಿನವನ್ನು ಸೋಮವಾರಕ್ಕೇ ಹಾಕಿರುತ್ತಾರೆ. ಅವತ್ತು ಭವನ ಬಂದ್. ಆಮೇಲೆ ‘ಇವತ್ತು ರಜಾ ಅಂತೆ’ ಅಂತ ಕೈತೊಳೆದುಕೊಳ್ಳುತ್ತಾರೆ.

ಇನ್ನೊಂದು ಆಟ ಭವನದ ಹೂದೋಟ ಅಮೃತ ಉದ್ಯಾನದ್ದು. ಫೆಬ್ರವರಿ–ಮಾರ್ಚಿನಲ್ಲಿ ಅದು ಪುಕ್ಕಟೆ ತೆರೆದಿರುತ್ತೆ. ಅಲ್ಲಿ ಹೂ ತೋರಿಸಿ ಭವನ ನೋಡಿದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಭವನ ಬೇರೆ, ಅದರ ಮ್ಯೂಸಿಯಂ ಬೇರೆ, ಉದ್ಯಾನ ಬೇರೆ. ಮೂರಕ್ಕೂ ಬುಕಿಂಗ್ ಬೇರೆ ಬೇರೆ. 340 ಕೋಣೆಗಳ ಆ ಕಟ್ಟಡದಲ್ಲಿ ನೋಡಲೇಬೇಕಾದ್ದು ದರ್ಬಾರ್ ಹಾಲ್, ಈಗಿನ ಗಣತಂತ್ರ ಮಂಟಪ. 1947ರ ಆಗಸ್ಟ್ 15ರಂದು ನೆಹರು ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲೇ. ಆ ನೆಲದ ಮೇಲೆ ನಿಲ್ಲುವುದನ್ನು ಹೂವಿನ ಪಾತಿಗೆ ಸಮ ಮಾಡುತ್ತಾರಲ್ಲ!

ಕೊಡಗಿನವರಿಗೆ ಇದು ಬರೀ ನೋಡುವ ಜಾಗವೂ ಅಲ್ಲ. ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಬ್ಯಾಟನ್ ಕೊಟ್ಟದ್ದು ಆ ಭವನದಲ್ಲೇ. ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ನಲ್ಲಿ ಮಾಡಿದ ಮ್ಯೂಸಿಯಂ ಉದ್ಘಾಟನೆಗೆ 2021ರಲ್ಲಿ ರಾಷ್ಟ್ರಪತಿಗಳೇ ಮಡಿಕೇರಿಗೆ ಬಂದಿದ್ದರು. ಮನೆಮನೆಯಲ್ಲಿ ಮಾಜಿ ಸೈನಿಕರಿರುವ ಊರಿನವರನ್ನು ಗೇಟಿನಾಚೆಯಿಂದ ವಾಪಸ್ ಕರೆತರುವುದು ಅವಮಾನ. (ನಮ್ಮ ಕೊಡವ ಉಡುಪು ಕುಪ್ಯಚೇಲೆ ಉಟ್ಟು ಹೋಗುವ ಆಸೆಯಿದ್ದರೆ ಉಟ್ಟೇ ಹೋಗಿ. ಪೀಚೆಕತ್ತಿ ಮಾತ್ರ ಊರಲ್ಲೇ ಇರಲಿ, ತಪಾಸಣೆಯಲ್ಲಿ ಬಿಡಲ್ಲ.)

ವಿದೇಶಿ ಗಣ್ಯರು ಬಂದರೆ ಭೇಟಿ ರದ್ದಾಗಬಹುದು, ಜನವರಿ ಕೊನೆಯಲ್ಲಿ ಪರೇಡ್, ಬೀಟಿಂಗ್ ರಿಟ್ರೀಟ್ ಅಂತ ರಸ್ತೆಗಳೇ ಮುಚ್ಚಿರುತ್ತವೆ. ಅದು ಟೂರ್‌ನವರ ತಪ್ಪಲ್ಲ. ಬುಕಿಂಗೇ ಮಾಡದೆ ಪಟ್ಟಿಯಲ್ಲಿ ಹೆಸರು ಹಾಕುವುದು ತಪ್ಪು. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲು ಕೇಳಿ: ಭವನದ ಒಳಗಾ, ಹೊರಗಾ? ವಾರದ ಯಾವ ದಿನ? ಹೊರಡುವ ಮೊದಲು ನಮ್ಮ ಹೆಸರಿರುವ ಸ್ಲಿಪ್ ಕೊಡುತ್ತೀರಾ? ಕೊಡಲ್ಲ ಅಂದರೆ ರಸೀದಿಯ ಮೇಲೆ ‘ಹೊರಗಿನಿಂದ ಮಾತ್ರ’ ಅಂತ ಬರೆಸಿಕೊಳ್ಳಿ, ಅವರ ಸಹಿಯ ಸಮೇತ.