ಸಾಲಿನಲ್ಲಿ ಕಲಿತ ಕಬಡ್ಡಿ ಅಂಕಣದಲ್ಲಿ ಏಕೆ ಕೈಕೊಡುತ್ತದೆ?

ಕಾಸರಗೋಡಿನ ಕುಂಬಳೆ, ಮಂಜೇಶ್ವರ ಕಡೆಯ ಶಾಲಾ ಮೈದಾನಗಳಲ್ಲಿ ಕಬಡ್ಡಿ ಕಲಿಸುವ ರೀತಿಯ ಬಗ್ಗೆ ನನಗೆ ಬಹಳ ಕಾಲದಿಂದ ಒಂದು ತಕರಾರಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದು ಸಂಜೆ ಪೂರ್ತಿ ಟೋ ಟಚ್ (ಕಾಲು ಚಾಚಿ ಬೆರಳ ತುದಿಯಿಂದ ಎದುರಾಳಿಯನ್ನು ಮುಟ್ಟುವುದು), ಮರುದಿನ ಪೂರ್ತಿ ಕಿಕ್, ಅದರ ಮರುದಿನ ಪಾದದ ಹಿಡಿತ. ಎದುರಾಳಿ ಇರುವುದೇ ಇಲ್ಲ, ಇದ್ದರೂ ಕಂಬದ ಹಾಗೆ ನಿಂತಿರುತ್ತಾನೆ. ಕತ್ತಲಾಗುವ ಹೊತ್ತಿಗೆ ಎಲ್ಲರ ಕಾಲೂ ಒಂದೇ ಲಯದಲ್ಲಿ ಚಾಚುತ್ತದೆ, ನೋಡಲು ಬಲು ಚೆಂದ. ಉಪಜಿಲ್ಲಾ ಪಂದ್ಯದಲ್ಲಿ ಅದೇ ಮಕ್ಕಳು ಬಾಕ್ ಗೆರೆ (ಎದುರಾಳಿಯ ಅಂಕಣದಲ್ಲಿ ದಾಳಿಗೆ ಹೋದವರು ದಾಟಲೇಬೇಕಾದ ಗೆರೆ) ದಾಟುವಷ್ಟರಲ್ಲಿ ತಡವರಿಸುತ್ತಾರೆ. ಆಗ ಅಂಕಣದ ಹೊರಗಿನಿಂದ ಬರುವ ಮಾತು ಒಂದೇ: "ಅಭ್ಯಾಸ ಸಾಲದು." ಅಭ್ಯಾಸ ಧಾರಾಳವಾಗಿ ಆಗಿದೆ. ಅದರ ಬಗೆ ಸರಿಯಾಗಿಲ್ಲ.

ಇದು ನಾನೊಬ್ಬನೇ ಹೇಳುವ ಮಾತಲ್ಲ. ಚಲನೆಯ ಕೌಶಲವನ್ನು ದೇಹ ಹೇಗೆ ಕಲಿಯುತ್ತದೆ ಎಂದು ಅಧ್ಯಯನ ಮಾಡುವವರು ದಶಕಗಳಿಂದ ಇದನ್ನು ಹೇಳುತ್ತಾ ಬಂದಿದ್ದಾರೆ. 1979ರಲ್ಲಿ ಶೇ ಮತ್ತು ಮಾರ್ಗನ್ ಕೈಚಲನೆಯ ಕೆಲವು ಕೆಲಸಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದು ಕೆಲಸವನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಎಲ್ಲವೂ ಕಲಸುಮೇಲೋಗರ. ಅಭ್ಯಾಸದ ವೇಳೆ ಮೊದಲ ಗುಂಪೇ ಚುರುಕು. ಆದರೆ ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಬೆರಕೆಯಾಗಿ ಕಲಿತವರೇ ಮುಂದಿದ್ದರು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಇದನ್ನೇ ಬ್ಯಾಡ್ಮಿಂಟನ್ನಿನ ಮೂರು ಬಗೆಯ ಸರ್ವ್‌ಗಳಲ್ಲಿ ನೋಡಿದರು. ಬಲ ಅಂಕಣದಿಂದ ಕಲಿತದ್ದನ್ನು ಎಡ ಅಂಕಣದಿಂದ ಮಾಡಿಸಿದಾಗಲೂ ಬೆರಕೆ ಅಭ್ಯಾಸದವರ ಕೈ ಮೇಲಾಯಿತು.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಇಪ್ಪತ್ತು ಸಲ ಒಂದೇ ಕಿಕ್ ಹೊಡೆಯುವ ಹುಡುಗಿ ಮೊದಲೆರಡು ಸಲ ಮಾತ್ರ ಯೋಚಿಸುತ್ತಾಳೆ, ಉಳಿದದ್ದು ಹಿಂದಿನದರ ನಕಲು. ಕಿಕ್ ಆದ ಮೇಲೆ ಹ್ಯಾಂಡ್ ಟಚ್, ಅದಾದ ಮೇಲೆ ಬೋನಸ್ ಗೆರೆ ದಾಟಿ ಅಂಕ ಗಳಿಸುವುದು ಎಂದು ಬದಲಾಗುತ್ತಿದ್ದರೆ ಪ್ರತಿ ಸಲವೂ ಚಲನೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಪಂದ್ಯ ಕೇಳುವುದೂ ಅದನ್ನೇ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ, ಅಂದರೆ ಒಂದು ದಾಳಿಯಲ್ಲಿ, ಉಸಿರು ಬಿಡದೆ ಕಬಡ್ಡಿ ಎನ್ನುತ್ತಾ, ಎಡ ಮೂಲೆಯಲ್ಲಿ (ಕಾರ್ನರ್) ನಿಂತ ಹಿಡಿಯುವವನ ಪಾದ ಎತ್ತ ತಿರುಗಿದೆ ಎಂದು ನೋಡಿ, ಕೈಯೋ ಕಾಲೋ ಎಂದು ಅಲ್ಲೇ ತೀರ್ಮಾನಿಸಬೇಕು. ಸಾಲಿನಲ್ಲಿ ನಿಂತು ಕಲಿತವಳಿಗೆ ಕಾಲು ಚಾಚುವುದು ಗೊತ್ತು, ಯಾವಾಗ ಚಾಚಬೇಕೆಂಬುದನ್ನು ಯಾರೂ ಕಲಿಸಿಲ್ಲ.

ರಿಚರ್ಡ್ ಶ್ಮಿಟ್ 1975ರಲ್ಲಿ ಮಂಡಿಸಿದ ಸ್ಕೀಮಾ ಸಿದ್ಧಾಂತವೂ ಇದಕ್ಕೆ ಹತ್ತಿರದ್ದು. ನಾವು ಒಂದೊಂದು ಚಲನೆಯನ್ನೂ ಬೇರೆ ಬೇರೆಯಾಗಿ ನೆನಪಿಡುವುದಿಲ್ಲ, ಒಂದು ಬಗೆಯ ಚಲನೆಗಳಿಗೆಲ್ಲ ಅನ್ವಯವಾಗುವ ನಿಯಮವನ್ನು ಕಟ್ಟಿಕೊಳ್ಳುತ್ತೇವೆ ಎಂದರು ಅವರು. 1978ರಲ್ಲಿ ಕೆರ್ ಮತ್ತು ಬೂತ್ ಎಂಟು ವರ್ಷದ ಮಕ್ಕಳಿಂದ ಬಟ್ಟೆಯ ಪುಟ್ಟ ಚೀಲಗಳನ್ನು ಗುರಿಗೆ ಎಸೆಸಿದರು. ಮೂರಡಿ ದೂರದ ಗುರಿಗೆ ಮಾತ್ರ ಎಸೆದು ಪಳಗಿದವರಿಗಿಂತ, ಎರಡಡಿ ಮತ್ತು ನಾಲ್ಕಡಿಯಿಂದ ಎಸೆದವರೇ ಮೂರಡಿಯ ಪರೀಕ್ಷೆಯಲ್ಲಿ ಮೇಲುಗೈ ಸಾಧಿಸಿದರು! ಮೂರಡಿಯಿಂದ ಅವರು ಅಭ್ಯಾಸವನ್ನೇ ಮಾಡಿರಲಿಲ್ಲ. ಇದನ್ನು ಓದಿದಂದಿನಿಂದ ಒಂದೇ ಎತ್ತರ, ಒಂದೇ ದೂರ, ಒಂದೇ ವೇಗದ ಡ್ರಿಲ್ ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ಮ್ಯಾಟ್. ನಮ್ಮ ಮಕ್ಕಳು ಬರಿಗಾಲಲ್ಲಿ ಮುರಕಲ್ಲಿನ ಕೆಂಪು ಮೈದಾನದಲ್ಲಿ, ಕೊಯ್ಲಾದ ಗದ್ದೆಯಲ್ಲಿ ಆಡಿ ಬೆಳೆದವರು. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಆ ಜಾರುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಅವರು ತಿರುಗುತ್ತಾರೆ. ಮೇಲಿನ ಹಂತದಲ್ಲಿ ಮ್ಯಾಟ್ ಮೇಲೆ ಶೂ ಹಾಕಿ ಇಳಿದಾಗ ಪಾದ ಕಚ್ಚಿಕೊಳ್ಳುತ್ತದೆ, ಮೊಣಕಾಲು ಉಳುಕುತ್ತದೆ. ಎರಡು ಕೆಲಸಗಳಲ್ಲಿ ಸಮಾನ ಅಂಶ ಎಷ್ಟಿದೆಯೋ ಕಲಿಕೆ ಅಷ್ಟೇ ದಾಟಿ ಹೋಗುತ್ತದೆ ಎಂದು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ಹೇಳಿದ್ದರು. ಮಣ್ಣಿನ ಆಟಗಾರ ತಾನಾಗಿಯೇ ಮ್ಯಾಟ್ ಆಟಗಾರನಾಗುತ್ತಾನೆ ಎಂದು ನಂಬುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗೆಂದು ಮಣ್ಣನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. 1920ರ ದಶಕದಲ್ಲಿ ಮಾಸ್ಕೋದ ಚಲನೆಯ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಬೀಸುವ ಕೆಲಸಗಾರರ ಕೈಗೆ ಪುಟ್ಟ ದೀಪ ಕಟ್ಟಿ ಚಿತ್ರ ತೆಗೆದರು. ನುರಿತವನ ಭುಜ, ಮೊಣಕೈ ಪ್ರತಿ ಏಟಿಗೂ ಒಂದಿಷ್ಟು ಬೇರೆಯಾಗಿ ಚಲಿಸಿದರೂ ಸುತ್ತಿಗೆ ಮಾತ್ರ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಂದು ಬೀಳುತ್ತಿತ್ತು. ಈ ಹೊಂದಾಣಿಕೆ ಬೆಳೆಯುವುದು ಸನ್ನಿವೇಶ ಬದಲಾದಾಗಲೇ. ಆಟಿಯ (ಮಳೆಗಾಲದ ತುಳು ತಿಂಗಳು) ಕೆಸರುಗದ್ದೆ ಆಟವೂ ಬೇಕು, ಒಣ ಮೈದಾನವೂ ಬೇಕು, ಮ್ಯಾಟೂ ಬೇಕು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪ್ರಯೋಗಾಲಯದ ಹೊರಗೆ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ, ಬೆರಕೆ ಅಭ್ಯಾಸದ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ. ಮೊದಲ ಸಲ ಪಾದ ಹಿಡಿಯುವ ಐದನೆಯ ತರಗತಿಯವನಿಗೆ ಒಂದೇ ಹಿಡಿತವನ್ನು ನಿಧಾನವಾಗಿ ಹೇಳಿಕೊಡುವುದೇ ಸರಿ, ಇಲ್ಲವಾದರೆ ಮುಖಕ್ಕೆ ಒದೆ ಬಿದ್ದೀತು. ಹಿಡಿತ ಕೈಗೆ ಹತ್ತಿದ ಮೇಲೂ ಅದೇ ಸಾಲಿನಲ್ಲಿ ನಿಲ್ಲಿಸುವುದು ನನ್ನ ತಕರಾರು.

ದೈಹಿಕ ಶಿಕ್ಷಕರಲ್ಲಿ, ಕ್ಲಬ್‌ಗಳ ಹಿರಿಯ ಆಟಗಾರರಲ್ಲಿ ನನ್ನ ಬೇಡಿಕೆ ಇಷ್ಟೇ. ಅರ್ಧ ಅಂಕಣ, ಒಬ್ಬ ರೈಡರ್, ಮೂವರು ಹಿಡಿಯುವವರು. ಪಾದ ಹಿಡಿಯುವುದೋ, ತೊಡೆ ಹಿಡಿಯುವುದೋ, ಡ್ಯಾಶೋ (ಗುದ್ದಿ ಗೆರೆಯಾಚೆ ತಳ್ಳುವುದು) ಎಂದು ಮೂವರೂ ಮೊದಲೇ ಗುಟ್ಟಾಗಿ ಮಾತಾಡಿಕೊಳ್ಳಲಿ, ರೈಡರ್‌ಗೆ ತಿಳಿಯದಿರಲಿ. ಪ್ರತಿ ರೈಡ್‌ಗೂ ಅಂಕಣದ ಅಗಲವನ್ನು ಹಗ್ಗ ಎಳೆದು ಬದಲಿಸಿ. ಒಂದು ವಾರ ಮಕ್ಕಳು ತಪ್ಪುತ್ತಾರೆ, ನೋಡಲು ಚೆನ್ನಾಗಿರುವುದಿಲ್ಲ, ಪಾಲಕರು ಗೊಣಗುತ್ತಾರೆ, ಗೊಣಗಲಿ. ಮ್ಯಾಟ್ ಇರುವ ಕ್ಲಬ್‌ಗಳು ಪಂದ್ಯದ ಋತುವಿಗೆ ಮುನ್ನ ಕೆಲವು ಸಂಜೆಗಳನ್ನು ಹತ್ತಿರದ ಕನ್ನಡ ಶಾಲೆಗಳ ಮಕ್ಕಳಿಗೆ ಬಿಟ್ಟುಕೊಡಲಿ. ಶೂ ಇಲ್ಲದವರಿಗೆ ಶೂ ಹೊಂದಿಸಲು ನಾನು ಓಡಾಡುತ್ತೇನೆ, ಜೊತೆಗೆ ಬರುವವರು ಹೇಳಿ.